ಪೇಟಿ ಮಾಸ್ತರನ ಮುಖ

ಶರಣವ್ವ ಗಂಡನ ಕತ್ತಿನ ಕೆಳಗೆ ಕೈ ತೂರಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಅಡಿವೆಪ್ಪನ ತಲೆ ಶವಪೆಟ್ಟಿಗೆಯ ರೇಷ್ಮೆ ದಿಂಬಿನಿಂದ ಗೇಣಷ್ಟೂ ಮೇಲೇಳಲಿಲ್ಲ. ಅಷ್ಟರಲ್ಲಿ ಫ್ಯೂನರಲ್ ಹೋಮಿನ ಕಪ್ಪು ಕೋಟಿನವನು ಓಡಿಬಂದು, ಮುಟ್ಟಬಾರದೆಂದು ನಯವಾಗಿ ಕೈಸನ್ನೆ ಮಾಡಿದ. ಅವನ ಹಿಂದೆಯೇ ಅಳಿಯ ಮಧುಕರ್ ಬಂದ.

“ಅತ್ತೆ, ಪ್ಲೀಸ್. ಹೂಳೋಕೆ ಪರ್ಮಿಷನ್ನು ಸಿಕ್ಕಿದೆಯಲ್ಲ. ಕೂರಿಸೋದೆಲ್ಲ ಇಲ್ಲಿ ಅಲೋ ಮಾಡಲ್ಲ.”

“ನಮ್ಮ ಕಡೆ ಯಾರನ್ನರ ಮಲಗಿಸಿ ಕಳಿಸ್ಯಾರೇನ್ರಿ?”

ಅವಳ ಪ್ರಶ್ನೆ ತಪ್ಪೇನಲ್ಲ. ಲಿಂಗಾಯತರಲ್ಲಿ ಸತ್ತವರನ್ನು ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ ಕೂರಿಸುತ್ತಾರೆ. ಕೂತ ಹಾಗೆಯೇ ಮಣ್ಣು ಮಾಡುತ್ತಾರೆ. ಮಧುಕರನ ತುಮಕೂರಿನ ಮನೆಯಲ್ಲೂ ಅದೇ ಪದ್ಧತಿ. ಆದರೆ ಅವನ ಇಂಟರ್ನೆಟ್ ಕಂಪನಿ ಆ ತಿಂಗಳು ಶೇರು ಮಾರುಕಟ್ಟೆಗೆ ಇಳಿಯುವುದರಲ್ಲಿತ್ತು. ಸೊಂಟದ ಪೇಜರು ಬೆಳಗಿನಿಂದ ಗುಂಯ್‌ಗುಡುತ್ತಿತ್ತು. ಮಾವ ಕೂತಿದ್ದರೇನು, ಮಲಗಿದ್ದರೇನು, ಬೇಗ ಮುಗಿದರೆ ಸಾಕಾಗಿತ್ತು ಅವನಿಗೆ. ಅಮೆರಿಕದ ನೆವಾರ್ಕಿನ ಆ ಹಾಲ್‌ನ ಹೊರಗೆ ಮುಂದಿನ ಹೆಣದವರು ಆಗಲೇ ಬಂದು ಕಾಯುತ್ತಿದ್ದರು.

ಮೊಮ್ಮಗಳು ನಿಸರ್ಗಾ ಅಜ್ಜಿಯ ಸೆರಗು ಹಿಡಿದು ಕೇಳಿದಳು. “ಅಜ್ಜಿ, ವೈ ಡಸ್ ಹೀ ಹ್ಯಾವ್ ಟು ಸಿಟ್?”

ಇಂಗ್ಲಿಷ್ ಬಾರದಿದ್ದರೂ ಶರಣವ್ವನಿಗೆ ಪ್ರಶ್ನೆ ತಿಳಿಯಿತು.

“ನಿಮ್ಮಜ್ಜ ಜನಮ ಪೂರ್ತಿ ಮಂದಿಗೆ ಬೆನ್ನ ತೋರಿಸೇ ಕುಂತಾರವ್ವ. ಇವತ್ತರ ಮಂದಿ ಕಡೆ ಮುಖಾ ಮಾಡಿ ಕುಂದರಲಿ.”

*

ಸಾಂಗಲಿಯ ಮರಾಠಿ ನಾಟಕ ಕಂಪನಿಯಲ್ಲಿ ಅಡಿವೆಪ್ಪ ಪೇಟಿ ಮಾಸ್ತರನಾಗಿದ್ದ. ಆ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ರಂಗದ ಮುಂದಿನ ತಗ್ಗಿನಲ್ಲಿ, ನಟರಿಗೆ ಮುಖ ಮಾಡಿ, ಜನಕ್ಕೆ ಬೆನ್ನು ತಿರುಗಿಸಿ ಕೂರುವುದು ಅವನ ಕೆಲಸ. ನಟ ದತ್ತೋಪಂತ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾನೆಂದು ಅವನ ತುಟಿ ನೋಡಿಯೇ ತಿಳಿಯಬೇಕು. ದತ್ತೋಪಂತ ಹಾಡಿದ ಹಾಡುಗಳಿಗೆಲ್ಲ ಧಾಟಿ ಕಟ್ಟಿದವನೂ ಇವನೇ. ಜನ ‘ವನ್ಸ್ ಮೋರ್’ ಎಂದು ಕೂಗಿದರೆ ಹಾರ ದತ್ತೋಪಂತನ ಕೊರಳಿಗೆ, ಇನ್ನೊಮ್ಮೆ ನುಡಿಸುವ ದುಡಿಮೆ ಇವನಿಗೆ.

ಮದುವೆಯಾದ ಹೊಸತರಲ್ಲಿ ಶರಣವ್ವ ಹೆಂಗಸರ ಸಾಲಿನಲ್ಲಿ ಕೂತು ನಾಟಕ ನೋಡಿದಳು. ನಿನ್ನ ಗಂಡ ಯಾರೆಂದು ಪಕ್ಕದವಳು ಕೇಳಿದಳು. ಇವಳು ಹೆಮ್ಮೆಯಿಂದ ಬೆರಳು ತೋರಿಸಿದ್ದು ಒಂದು ಬೆನ್ನಿನ ಕಡೆಗೆ. ಪಕ್ಕದವಳು ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗೆ ಶರಣವ್ವನ ಹೊಟ್ಟೆಯಲ್ಲಿ ಇಂದಿಗೂ ಉರಿಯುತ್ತಿತ್ತು.

ಸಿನಿಮಾ ಬಂದು ಕಂಪನಿ ಮುಚ್ಚಿತು. ಎಷ್ಟೋ ವರ್ಷದ ಮೇಲೆ ಮಗಳು ಶಾಂಭವಿ ಇಬ್ಬರನ್ನೂ ಇಲ್ಲಿಗೆ ಕರೆಸಿಕೊಂಡಳು. ಇಲ್ಲಿನ ಮರಾಠಿ ಮಂಡಳಿಯವರು ಆ ಹಳೆಯ ನಾಟಕಗಳಲ್ಲೊಂದನ್ನು ಆಡಲು ಹೊರಟಾಗ, ಮುದುಕ ತಿಂಗಳುಗಟ್ಟಲೆ ಅವರ ಗ್ಯಾರೇಜಿನಲ್ಲಿ ಕೂತು ಕಂಪ್ಯೂಟರಿನ ಹುಡುಗರ ಗಂಟಲಿಗೆ ಸುರ ಕೂರಿಸಿದ. ಆಟದ ದಿನ, ಜಾಗ ಸಾಲದೆಂದು ಅವನನ್ನು ಪರದೆಯ ಹಿಂದೆ ಕೂರಿಸಿದರು. ಅಲ್ಲಿಗೆ ಬೆನ್ನೂ ಹೋಯಿತು. ಮಂಡಳಿಯ ದಿವೇಕರ ಮೈಕಿನ ಮುಂದೆ ನಿಂತು, ಈ ಹಾಡುಗಳೆಲ್ಲ ದತ್ತೋಪಂತರ ಕೊಡುಗೆ ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದ.

ಮನೆಗೆ ಬಂದು ಶರಣವ್ವ ಕೆಂಡ ಕಾರಿದಳು. ಹಾಡು ಉಳಿಯಿತಲ್ಲ, ಬಿಡು ಎಂದು ಅಡಿವೆಪ್ಪ ಮೊಸರನ್ನ ಕಲೆಸಿಕೊಂಡ. ದೇವರಂಥ ಗಂಡಂದಿರ ಹೆಂಡಿರು ಪಡುವ ಸಂಕಟ ಶತ್ರುವಿಗೂ ಬೇಡ.

*

ಅದೇ ದಿವೇಕರ ಈಗ ದೊಡ್ಡದೊಂದು ಫೋಟೋ ಹೊತ್ತು ತಂದು, ಪೆಟ್ಟಿಗೆಯಿಂದ ದೂರದಲ್ಲಿ ಸ್ಟ್ಯಾಂಡಿಗೆ ನಿಲ್ಲಿಸಿ, ಗುಲಾಬಿ ಹಾರ ಹಾಕಿದ. ಅವನು ಬೆಳಗಾವಿಯವನು, ಅಲ್ಲಿಂದಲೇ ತರಿಸಿ ದೊಡ್ಡದು ಮಾಡಿಸಿದ್ದನಂತೆ. ಊಟದ ಬಿಡುವಿನಲ್ಲಿ ಆಫೀಸಿನಿಂದ ಬಂದವರು ಸಾಲುಗಟ್ಟಿ ಹೂವೇರಿಸಿ ಕೈಮುಗಿಯತೊಡಗಿದರು. ವಯಸ್ಸಿನಲ್ಲಿ ಅಂಕಲ್ ಎಷ್ಟು ಚೆಂದ ಇದ್ದರು ಎಂದು ಯಾರೋ ಪಿಸುಗುಟ್ಟಿದ್ದು ಶರಣವ್ವನ ಕಿವಿಗೆ ಬಿತ್ತು.

ಅವಳು ಹತ್ತಿರ ಹೋಗಿ ನೋಡಿದಳು. ಫೋಟೋದ ತುಂಬ ಕಿರೀಟ ತೊಟ್ಟು, ಬಾಯ್ತೆರೆದು ಹಾಡುತ್ತ ನಿಂತ ದತ್ತೋಪಂತ. ಕೆಳಗಿನ ಅಂಚಿನಲ್ಲಿ, ಹಾರದ ಮರೆಯಲ್ಲಿ, ಟೊಪ್ಪಿಗೆ ಹಾಕಿಕೊಂಡ ಒಂದು ಬೆನ್ನು.

“ದಿವೇಕರ, ಯಾರಿಗೆ ಹಾರಾ ಹಾಕೀರಿ?”

“ಮಾಸ್ತರದು ಬ್ಯಾರೆ ಫೋಟೋ ಸಿಗಲಿಲ್ರಿ ಬಾಯಾರ. ಇದ್ರಾಗ ಅವರೂ ಅದಾರಲ್ರಿ.”

“ಅದಾರ. ಯಾವತ್ತೂ ಹಂಗ ಅದಾರ. ಇಂವಾ ಹಾಡಿದ ಒಂದೊಂದು ಹಾಡಿನ ಧಾಟಿನೂ ನನ್ನ ಗಂಡ ಕಟ್ಟಿದ್ದು. ಕೈ ಮುಗಿಯೋದಿದ್ರ ಅವರ ಮುಖಾ ನೋಡಿ ಮುಗೀರಿ.”

ಮಧುಕರ್ ಬಂದು, ಜನ ನೋಡುತ್ತಿದ್ದಾರೆ ಎಂದು ಅತ್ತೆಯ ಕಿವಿಯಲ್ಲಿ ಹೇಳಿದ. ನೋಡಲಿ ಅಂತಲೇ ತಾನು ಹೇಳುತ್ತಿರುವುದು ಎಂದಳು ಅವಳು. ಕಪ್ಪು ಕೋಟಿನವನು ಗಡಿಯಾರ ನೋಡಿ ಪೆಟ್ಟಿಗೆಯ ಮುಚ್ಚಳಕ್ಕೆ ಕೈಹಾಕಿದ.

ಅಷ್ಟು ಹೊತ್ತೂ ಮೂಲೆಯಲ್ಲಿ ಕೂತಿದ್ದ ಶಾಂಭವಿ ಆಗ ಎದ್ದಳು. ಚಪ್ಪಲಿ ಕಳಚಿ, ಅವನ ಕೈ ಸರಿಸಿ, ಪೆಟ್ಟಿಗೆಯ ತಲೆಯ ಕಡೆಗೆ ಹೋದಳು. ಮಧುಕರ್ ಅವಳ ಹೆಸರು ಹಿಡಿದು ಕರೆದ.

“ಪೆಟ್ಟಿಗಿ ಗಟ್ಟಿ ಹಿಡೀರಿ,” ಎಂದಳು ಗಂಡನಿಗೆ.

ಅವನು ಹಿಡಿದ. ಪೇಜರು ಮತ್ತೆ ಗುಂಯ್‌ಗುಟ್ಟಿತು. ಅವನ ಎರಡೂ ಕೈ ಪೆಟ್ಟಿಗೆಯ ಮೇಲಿದ್ದವು. ಶಾಂಭವಿ ಒಂದು ಮೊಣಕಾಲು ಅಂಚಿಗೆ ಊರಿ, ಅಪ್ಪನ ಎರಡೂ ಕಂಕುಳಿಗೆ ಕೈಕೊಟ್ಟು ಎಳೆದಳು. ಅಡಿವೆಪ್ಪ ಇಷ್ಟಿಷ್ಟೇ ಮೇಲೆದ್ದು, ಮಗಳ ಎದೆಗೆ ಬೆನ್ನು ಕೊಟ್ಟು ಕೂತ. ಶರಣವ್ವ ಅವನ ಹಣೆಗೆ ವಿಭೂತಿ ಹಚ್ಚಿದಳು. ಫೋಟೋದ ಮುಂದೆ ನಿಂತಿದ್ದವರು ಒಬ್ಬೊಬ್ಬರಾಗಿ ಈ ಕಡೆ ತಿರುಗಿದರು. ಕೈಯಲ್ಲಿ ಹೂವು ಹಿಡಿದಿದ್ದ ದಿವೇಕರ ಎಲ್ಲರಿಗಿಂತ ಕೊನೆಗೆ ತಿರುಗಿದ.

ಶರಣವ್ವ ಯಾರ ಕೈಯನ್ನೂ ಹಿಡಿಯದೆ ನಡೆದು ಹೋಗಿ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತಳು. ಸೆರಗು ಸರಿಮಾಡಿಕೊಂಡು ಗಂಡನ ಮುಖ ನೋಡತೊಡಗಿದಳು. ಅವನ ಕಂಕುಳ ಕೆಳಗಿಂದ ಬಂದ ಮಗಳ ಕೈಗಳು ಅವನ ಎದೆಯ ಮೇಲೆ ಹೆಣೆದುಕೊಂಡಿದ್ದವು. ಅಪ್ಪನ ಬೆನ್ನ ಹಿಂದಿದ್ದ ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ.