ಭೂತಪ್ಪ ಮೈಕ್ ಸೆಟ್ಟು ಮಾರಿದ್ದು

ಮೂವತ್ತು ವರ್ಷ ಭದ್ರಾವತಿಯ ಮದುವೆ, ಗಣಪತಿ, ಚುನಾವಣೆ ಎಲ್ಲಕ್ಕೂ ಮೈಕ್ ಸೆಟ್ಟು ಹಾಕಿದ ಭೂತಪ್ಪನಿಗೆ ಒಂದು ವಿಚಿತ್ರ ಕಾಯಿಲೆಯಿತ್ತು. ಕೈಯಲ್ಲಿ ಮೈಕಿದ್ದರೆ ಶಾಸಕರನ್ನೂ ‘ದಯವಿಟ್ಟು ಮಾತು ಮುಗಿಸಿ’ ಎಂದು ಕೂರಿಸುತ್ತಿದ್ದ. ಮೈಕ್ ಇಲ್ಲದಿದ್ದರೆ ತರಕಾರಿ ಗಾಡಿಯವನಿಗೂ ‘ಬೇಡ’ ಎನ್ನಲು ಬಾಯಿ ಬರುತ್ತಿರಲಿಲ್ಲ. ಅವರ ಮನೆಯಲ್ಲಿ ಆಗಾಗ ಮೂರು ದಿನ ಕುಂಬಳಕಾಯಿ ಸಾಂಬಾರು ನಡೆಯುತ್ತಿದ್ದುದು ಇದೇ ಕಾರಣಕ್ಕೆ.

ಹೋದ ತಿಂಗಳು ಈ ಕಾಯಿಲೆ ದುಬಾರಿಯಾಯಿತು. ಕಾರ್ಡ್‌ಲೆಸ್ ಮೈಕು ಮಾರಾಟಕ್ಕಿದೆ ಎಂದು ಆನ್‌ಲೈನಿನಲ್ಲಿ ಹಾಕಿದ್ದ ಜಾಹೀರಾತು ನೋಡಿ ಬಂದವನೊಬ್ಬ ಮನೆ ಬಾಗಿಲಲ್ಲಿ ನಿಂತು, ಮೊಬೈಲಿನಲ್ಲಿ ಹಸಿರು ಗುರುತು ತೋರಿಸಿ, ‘ಹಣ ಹೋಯ್ತು ನೋಡಿ ಯಜಮಾನ್ರೇ, ನಿಮಗೆ ಆಮೇಲೆ ಮೆಸೇಜ್ ಬರುತ್ತೆ’ ಅಂದ. ಭೂತಪ್ಪನಿಗೆ ಅನುಮಾನ ಬಂದೇ ಬಂತು. ಆದರೆ ಅಷ್ಟು ಮರ್ಯಾದೆಯಿಂದ ಮಾತಾಡುವವನಿಗೆ ‘ನಿಲ್ಲಪ್ಪ’ ಅನ್ನುವುದು ಹೇಗೆ? ಕಾರ್ಡ್‌ಲೆಸ್ ಮೈಕುಗಳೆರಡೂ ಹೋದವು. ಮೆಸೇಜು ಇವತ್ತಿಗೂ ಬಂದಿಲ್ಲ.

ಉಳಿದದ್ದು ಒಂದು ಆಂಪ್ಲಿಫೈಯರ್, ಎರಡು ಹಾರ್ನ್ ಸ್ಪೀಕರ್, ವೈರಿನ ಮೈಕು. ಡಿಜೆ ಕಾಲದಲ್ಲಿ ಅವನ್ನು ಬಾಡಿಗೆಗೆ ಕೇಳುವವರಿಲ್ಲ, ಮಾರಲೇಬೇಕು. ಈ ಸಲ ಹೆಂಡತಿ ಶೇಷಮ್ಮ ಷರತ್ತು ಹಾಕಿದಳು. ‘ಮನೆ ವಿಳಾಸ ಕೊಡಬೇಡಿ. ಹಗಲು ಹೊತ್ತು, ಜನ ಇರೋ ಕಡೆ ಕರೀರಿ. ಹಣ ಬಂದಿದ್ದನ್ನ ನಿಮ್ಮ ಮೊಬೈಲಲ್ಲೇ ನೋಡದೆ ಸಾಮಾನು ಕೈಬಿಡಬೇಡಿ. ಈ ಸಲನೂ ಟೋಪಿ ಹಾಕಿಸ್ಕೊಂಡ್ರೆ, ಇನ್ಮೇಲೆ ಮನೆ ವ್ಯವಹಾರ ಎಲ್ಲ ನಾನೇ ನೋಡ್ಕೋತೀನಿ.’ ಮಾತಿನಲ್ಲಿ ಕೋಪವಿರಲಿಲ್ಲ, ಬರೀ ಸುಸ್ತಿತ್ತು. ಅದೇ ಭೂತಪ್ಪನನ್ನು ಚುಚ್ಚಿತು.

ಹೊಸ ಜಾಹೀರಾತು ನೋಡಿ ‘ಈ ಕ್ಯೂಆರ್ ಸ್ಕ್ಯಾನ್ ಮಾಡಿ, ಹಣ ನಿಮಗೇ ಬರುತ್ತೆ’ ಎಂದು ಬರೆದವನನ್ನು ಶೇಷಮ್ಮನೇ ಬ್ಲಾಕ್ ಮಾಡಿದಳು. ಹಾರ್ನಿನ ನೆಗ್ಗು ಎಷ್ಟಿದೆ, ಆಂಪ್ಲಿಫೈಯರ್ ಎಷ್ಟು ಹಳೇದು ಎಂದು ನೆಟ್ಟಗೆ ವಿಚಾರಿಸಿದ್ದು ಶಾಂಭವಿ, ಶಿವಮೊಗ್ಗದ ನವುಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಟೀಚರ್.

ಭಾನುವಾರ ಬೆಳಿಗ್ಗೆ ನ್ಯೂ ಟೌನ್ ಬಸ್ ಸ್ಟಾಪಿನ ಪಕ್ಕ, ಪರಮೇಶನ ಟೀ ಅಂಗಡಿಯ ಮುಂದೆ ವ್ಯಾಪಾರ ನಿಗದಿಯಾಯಿತು. ಕಾರ್ಡ್‌ಲೆಸ್ ಮೈಕಿನ ಕತೆಯನ್ನು ಟೀ ಜೊತೆ ಊರಿಗೆಲ್ಲ ಹಂಚಿದವನು ಇದೇ ಪರಮೇಶ. ಅವನ ಅಂಗಡಿಯಿಂದಲೇ ಕರೆಂಟು ಎಳೆದು ಭೂತಪ್ಪ ‘ಹಲೋ, ಚೆಕ್’ ಅಂದ. ಶಬ್ದ ಗಂಟೆ ಹೊಡೆದ ಹಾಗೆ ಬಂತು. ಶಾಂಭವಿ ಖುಷಿಯಾಗಿ ಅಲ್ಲೇ ಹಣ ಕಳಿಸಿ ಮೊಬೈಲ್ ತೋರಿಸಿದಳು. ಅದೇ ಹಸಿರು ಗುರುತು.

ಭೂತಪ್ಪ ತನ್ನ ಮೊಬೈಲ್ ನೋಡಿದ. ಏನೂ ಬಂದಿರಲಿಲ್ಲ. ಹುಡುಗಿಯ ನಗುಮುಖ ನೋಡಿದ. ‘ತಗೊಂಡು ಹೋಗಮ್ಮ’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಶೇಷಮ್ಮ ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದಳು. ಆಗ ಅವನಿಗೆ ಕೈಯಲ್ಲಿ ಇನ್ನೂ ಮೈಕಿದೆ ಎಂಬುದು ಹೊಳೆಯಿತು.

‘ಸಾರ್ವಜನಿಕರ ಗಮನಕ್ಕೆ,’ ಎರಡೂ ಹಾರ್ನುಗಳು ಮೊಳಗಿದವು. ‘ಶಿವಮೊಗ್ಗದಿಂದ ಆಗಮಿಸಿರುವ ಶಾಂಭವಿ ಮೇಡಂ ಅವರು ಹಣ ಕಳಿಸಿರುತ್ತಾರೆ. ಆದರೆ ನಮ್ಮ ಖಾತೆಗೆ ಇನ್ನೂ ಬಂದಿರುವುದಿಲ್ಲ. ಬರುವ ತನಕ ಸಾಮಾನು ಕೊಡಲಾಗುವುದಿಲ್ಲ. ಮೇಡಂ ಅವರು ಸಹಕರಿಸಬೇಕಾಗಿ ವಿನಂತಿ. ಪರಮೇಶ್, ಮೇಡಂಗೆ ಒಂದು ಟೀ.’

ಶಾಂಭವಿ ಬೇಜಾರು ಮಾಡಿಕೊಳ್ಳಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕಳು. ‘ಕಾಯ್ತೀನಿ ಅಂಕಲ್. ನಾನಾಗಿದ್ರೂ ಹೀಗೇ ಮಾಡ್ತಿದ್ದೆ.’

ಬಸ್ಸಿಗೆ ನಿಂತವರೆಲ್ಲ ಸುತ್ತ ನೆರೆದರು. ಐದು ನಿಮಿಷಕ್ಕೊಮ್ಮೆ ಪ್ರಕಟಣೆ ಬರುತ್ತಿತ್ತು: ಹಣ ಇನ್ನೂ ತಲುಪಿರುವುದಿಲ್ಲ. ಇದೇನಾಗುತ್ತೋ ನೋಡೇ ಹೋಗೋಣ ಎಂದು ಇಬ್ಬರು ತಮ್ಮ ಬಸ್ಸನ್ನೇ ಬಿಟ್ಟರು. ಇಪ್ಪತ್ತನೇ ನಿಮಿಷಕ್ಕೆ ಮೊಬೈಲ್ ಸದ್ದು ಮಾಡಿತು. ಭೂತಪ್ಪ ಮೆಸೇಜನ್ನೂ ನಂಬದೆ ಬ್ಯಾಂಕಿನ ಆ್ಯಪ್ ತೆರೆದ, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ‘ಬಂದಿದೆ’ ಎಂದು ಘೋಷಿಸಿದಾಗ ಬಿದ್ದಂಥ ಚಪ್ಪಾಳೆ ಅವನ ಮೈಕಿನಲ್ಲಿ ಮಾತಾಡಿದ ಯಾವ ಭಾಷಣಕಾರನಿಗೂ ಬಿದ್ದಿರಲಿಲ್ಲ.

ಸೆಟ್ಟು ಶಾಂಭವಿಯ ಕಾರಿಗೇರಿತು. ಕೊನೆಗೆ ಭೂತಪ್ಪ ಮೈಕನ್ನು ಬಟ್ಟೆಯಲ್ಲಿ ಸುತ್ತಿ ಅವಳ ಕೈಗಿಟ್ಟ. ಖಾಲಿಯಾದ ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡ.

ಅಷ್ಟರಲ್ಲಿ ಪರಮೇಶ ಪಕ್ಕಕ್ಕೆ ಬಂದು ನಿಂತ. ‘ಭೂತಪ್ಪಣ್ಣ, ನಮ್ಮನೇಲಿ ಒಂದು ಹೋಮ್ ಥಿಯೇಟರ್ ಇದೆ ಮಾರಾಯ್ರೆ. ಈಗ್ಲೇ ತರ್ತೀನಿ. ಇವತ್ತೇ ನೀವೇ ಮುಂದೆ ನಿಂತು ಮಾರ್ಕೊಡಿ.’

ಶೇಷಮ್ಮ ಬೆಂಚಿನಿಂದ ಎದ್ದಿದ್ದಳು. ಗಂಡ ಇದಕ್ಕೆ ಏನನ್ನುತ್ತಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

‘ಇವತ್ತು ಆಗಲ್ಲ ಪರಮೇಶ,’ ಅಂದ ಭೂತಪ್ಪ, ಬರೀ ಬಾಯಲ್ಲಿ, ಪರಮೇಶನ ಮುಖ ನೋಡಿಕೊಂಡೇ. ‘ಇವತ್ತು ಇವಳನ್ನ ತ್ಯಾವರೆಕೊಪ್ಪದ ಸಫಾರಿಗೆ ಹುಲಿ ತೋರಿಸೋಕೆ ಕರ್ಕೊಂಡು ಹೋಗ್ತೀನಿ.’

‘ಬನ್ನಿ, ಶಿವಮೊಗ್ಗದ ತನಕ ನಾನೇ ಬಿಡ್ತೀನಿ,’ ಎಂದಳು ಶಾಂಭವಿ. ಭೂತಪ್ಪ ತಿರುಗಿ ನೋಡುವಷ್ಟರಲ್ಲಿ ಶೇಷಮ್ಮ ಕಾರಿನಲ್ಲಿ ಕೂತು, ಅವನಿಗೂ ಜಾಗ ಮಾಡಿ ಆಗಿತ್ತು.