ಒಳಗಿನ ಚಿಲಕ

ರಾಯದುರ್ಗದ ಆ ಓಣಿಗೆ ಬಾಡಿಗೆ ಖೋಲಿ ನೋಡಲು ಬಂದ ದಿನ ಶಿವಲಕ್ಷ್ಮಿ ಗೋಡೆ ನೋಡಲಿಲ್ಲ, ನೀರು ಎಷ್ಟು ಹೊತ್ತು ಬರುತ್ತದೆಂದು ಕೇಳಲಿಲ್ಲ. ಬಾಗಿಲ ಹಿಂದೆ ಕೈಯಾಡಿಸಿ ಚಿಲಕ ಇದೆಯೇ ಎಂದು ನೋಡಿದಳು. ಇತ್ತು, ಗೇಣುದ್ದದ ಕಬ್ಬಿಣದ ಚಿಲಕ. ಒಮ್ಮೆ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಸಾಕು ಎಂದಳು.

ಮನೆಯೊಡತಿ ಕೊಟ್ರಮ್ಮನಿಗೆ ನಗು ಬಂತು. "ಖೋಲಿ ನೋಡಾಕ ಬಂದಿಯೋ, ಚಿಲಕ ನೋಡಾಕ ಬಂದಿಯೋ ನಮ್ಮವ್ವ?"

ಮಡಕಶಿರದಾಚೆ, ಗುಡಿಬಂಡೆಯ ಹತ್ತಿರ, ಅವಳ ಗಂಡನ ಮನೆಯಲ್ಲಿ ಚಿಲಕಗಳಿರಲಿಲ್ಲ. ಮೊದಲು ಇದ್ದವು. ಗಂಡ ಮಾರುತಿ ಕಿತ್ತುಹಾಕಿದ್ದ. ಕೋಣೆಯದು ಮೊದಲು, ಬಚ್ಚಲಿನದು ಆಮೇಲೆ. "ತಪ್ಪು ಮಾಡ್ದೇ ಇರೋರ್ಗೆ ಚಿಲಕ ಯಾತಕ್ಕಮ್ಮಿ?" ಎಂದಿದ್ದ, ಮೊಳೆಗಳನ್ನು ಅಂಗೈಯಲ್ಲಿಟ್ಟುಕೊಂಡು, ನಗುತ್ತಾ.

ಅವನು ಒಂದು ದಿನವೂ ಕೈ ಎತ್ತಿದವನಲ್ಲ. ಅದಕ್ಕೇ ತವರಿನಲ್ಲಿ ಯಾರೂ ಅವಳ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಡೀತಾನಾ? ಇಲ್ಲ. ಕುಡೀತಾನಾ? ಇಲ್ಲ. ಮತ್ತೇನು ನಿನ್ನ ಗೋಳು? ಏನೆಂದು ಹೇಳಬೇಕು? ಅವಳ ತಿಂಗಳ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅವನೇ ಗುರುತು ಹಾಕುತ್ತಿದ್ದ. ಅವಳು ಹಿಂದೂಪುರದ ಕಡೆಯ ಗಾರ್ಮೆಂಟ್ಸಿಗೆ ಹೋಗಿಬರುತ್ತಿದ್ದ ಕಾಲದಲ್ಲಿ, ಸಂಜೆ ಕಂಪನಿ ಬಸ್ಸು ಹತ್ತು ನಿಮಿಷ ತಡವಾದರೆ ಎಲ್ಲೆಲ್ಲಿ ನಿಂತಿತ್ತೆಂದು ಡ್ರೈವರನ್ನು ವಿಚಾರಿಸುತ್ತಿದ್ದ. ಬುತ್ತಿಯ ಡಬ್ಬಿ ತೆರೆದು ಉಳಿದದ್ದನ್ನು ನೋಡಿ, ಯಾರ ಪಕ್ಕ ಕೂತು ಉಂಡೆ ಎನ್ನುತ್ತಿದ್ದ. ಅವಳು ಸುಮ್ಮನೆ ಕೂತಿದ್ದರೆ ಏನು ಯೋಚನೆ ಮಾಡುತ್ತಿದ್ದೀ ಎಂದು ಕೇಳುತ್ತಿದ್ದ. ಹೇಳುವ ತನಕ ಬಿಡುತ್ತಿರಲಿಲ್ಲ. ಮೂರು ವರ್ಷದಲ್ಲಿ, ಅವನಿಗೆ ಹೇಳಬಹುದಾದಂಥದ್ದನ್ನು ಮಾತ್ರ ಯೋಚಿಸುವುದು ಅವಳಿಗೆ ರೂಢಿಯಾಗಿಹೋಗಿತ್ತು.

ಪ್ಯಾಂಟು ಹೊಲಿಯಲು ಬಂದರೆ ರಾಯದುರ್ಗದಲ್ಲಿ ಕೆಲಸಕ್ಕೆ ಬರವಿಲ್ಲ ಎಂದು ಪಕ್ಕದ ಮಿಷನ್ನಿನ ಹುಡುಗಿ ಯಾವಾಗಲೋ ಹೇಳಿದ್ದಳು. ಆ ಒಂದು ಮಾತನ್ನು ಮಾತ್ರ ಅವಳು ಮಾರುತಿಗೆ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಕಂಪನಿ ಬಸ್ಸಿನಿಂದ ದಾರಿಯಲ್ಲಿ ಇಳಿದಳು. ಸೊಂಟದಲ್ಲಿ ಕೆಲಸಕ್ಕೆ ಸೇರುವಾಗ ಮಾಡಿಸಿದ್ದ ರೇಷನ್ ಕಾರ್ಡಿನ ಜೆರಾಕ್ಸು, ಡಬ್ಬಿಯಲ್ಲಿ ಮುದ್ದೆ. ಬೇರೇನೂ ಇರಲಿಲ್ಲ.

ಏಳು ತಿಂಗಳಾಗಿತ್ತು. ಓಣಿಯ ತುದಿಯ ಶೆಡ್ಡಿನಲ್ಲಿ ಹನ್ನೆರಡು ಮಿಷನ್ನು, ಬೆಳಗಿನಿಂದ ಸಂಜೆಯವರೆಗೆ ಜೀನ್ಸು. ಬಟ್ಟೆಯ ನೀಲಿ ಬೆರಳ ಗೆರೆಗಳಲ್ಲಿ ಕೂತು ಸೋಪಿಗೂ ಜಗ್ಗುತ್ತಿರಲಿಲ್ಲ. ತನ್ನೂರ ಕಡೆಯ ಮಾತು ಬಾಯಿಗೆ ಬಾರದ ಹಾಗೆ ನೋಡಿಕೊಂಡು 'ಹೌದ್ರಿ', 'ಇಲ್ರಿ' ಕಲಿತಿದ್ದಳು. ಗಂಡ ಏನು ಮಾಡುತ್ತಾನೆಂದು ಕೊಟ್ರಮ್ಮ ವಾರಕ್ಕೆರಡು ಸಲ ಕೇಳುತ್ತಿದ್ದಳು. ಓಬಳಾಪುರದ ಕಡೆ ಲಾರಿಗೆ ಹೋಗುತ್ತಾನೆ ಎಂದು ಇವಳು ವಾರಕ್ಕೆರಡು ಸಲ ಹೇಳುತ್ತಿದ್ದಳು. ಸಂಜೆ ಖೋಲಿಗೆ ಬಂದು ಚಿಲಕ ಹಾಕಿ ಗೋಡೆಗೊರಗಿ ಕೂರುವಳು. ಏನೂ ಮಾಡುತ್ತಿರಲಿಲ್ಲ. ಕೆಲವು ದಿನ ತನ್ನಷ್ಟಕ್ಕೆ ನಗುವಳು, ಕೆಲವು ದಿನ ಅಳುವಳು. ಯಾಕೆಂದು ಯಾರಿಗೂ ಹೇಳಬೇಕಾಗಿರಲಿಲ್ಲ.

ಹಾಗೆ ಇರುತ್ತಾ ಇರುತ್ತಾ ಹೆದರುವುದು ಕೊಂಚ ಮರೆತಿತ್ತು. ತಪ್ಪಾದದ್ದು ಅಲ್ಲೇ.

"ಅಂಗಡ್ಯಾಗ ಯಾಕ ಅಕ್ಕಿ ಕೊಂಡು ತಿಂತಿ?" ಎಂದಳು ಕೊಟ್ರಮ್ಮ ಆ ದಿನ ಬೆಳಿಗ್ಗೆ. "ಈಗ ಯಾವ ಊರಿನ ಕಾರ್ಡಿದ್ರೂ ಎಲ್ಲಿ ಬೇಕಾದ್ರೂ ಕೊಡ್ತಾರ. ಹೆಬ್ಬಟ್ಟು ಒತ್ತಿದ್ರ ಮುಗೀತು. ಬಾ ನನ್ ಸಂಗಾಟ."

ರೇಷನ್ ಸ್ಟೋರಿನ ಮುಂದೆ ಸಾಲಿತ್ತು. ಡೀಲರ್ ಸಣ್ಣಬಸಪ್ಪ ಜೆರಾಕ್ಸು ನೋಡಿ ನಂಬರು ಒತ್ತಿ, ಹೆಬ್ಬಟ್ಟಿನ ಮಿಷನ್ನನ್ನು ಅವಳ ಕಡೆ ತಿರುಗಿಸಿದ. ಹೆಬ್ಬೆರಳಿಟ್ಟಳು. ಮಿಷನ್ನು ತೆಗೆದುಕೊಳ್ಳಲಿಲ್ಲ. ಮತ್ತೆ ಇಟ್ಟಳು. ಆಗಲೂ ಇಲ್ಲ.

"ಬಟ್ಟಿನ ಗೆರೀನ ಸವದಾವಲ್ಲಮ್ಮ," ಎಂದ.

"ಜೀನ್ಸ್ ಹೊಲಿಯೋರ ಹೆಬ್ಬಟ್ಟದು," ಎಂದಳು ಕೊಟ್ರಮ್ಮ. "ನಿನ್ನ ಮಿಷನ್ನಿಗೂ ಒಂದ್ ಪ್ಯಾಂಟ್ ಹೊಲಿಸಿ ಕೊಡ್ತೀವಿ ತಗೊ, ಆಗ ಗುರ್ತ ಹಿಡೀತೈತಿ."

ಸಾಲು ನಕ್ಕಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ನಾಚಿಕೆಗೆ ಶಿವಲಕ್ಷ್ಮಿ ಹೆಬ್ಬೆರಳನ್ನು ತಲೆಯ ಎಣ್ಣೆಗೆ ತೀಡಿ, ಸೆರಗಿಗೆ ಉಜ್ಜಿ ಉಜ್ಜಿ ಒರೆಸಿ, ಮೂರನೇ ಸಲ ಗಟ್ಟಿಯಾಗಿ ಒತ್ತಿದಳು. ಆಂಧ್ರ ಸರ್ಕಾರದ ಮಿಷನ್ನು ತೆಲುಗಿನಲ್ಲಿ ಆಯಿತೆಂದು ಹೇಳಿತು, ಚೀಟಿ ಹೊರಬಂತು. ಸಣ್ಣಬಸಪ್ಪ ಸಾಲಿಗೆಲ್ಲ ಕೇಳುವ ಹಾಗೆ ಓದಿದ. "ಮಾರುತಿ, ಗುಡಿಬಂಡೆ ಮಂಡಲಂ. ಓ, ಮಡಕಶಿರದ ಕಡಿಯಾಕಿ ನೀನು. ಅಕ್ಕಿ ತಗೊಂಡದ್ದು ನಿಮ್ಮ ಮನಿಯವರ ಫೋನಿಗೆ ಮೆಸೇಜ್ ಹೋಗ್ತೈತಿ, ಅಂಗಡಿ ನಂಬರ್ ಸುದ್ದಾ. ಈಗ ಮೋಸಕ್ಕ ಜಾಗಾನ ಇಲ್ಲ."

ಅತ್ತೆ ಸ್ಟೋರಿಗೆ ಹೋದ ದಿನಗಳು ನೆನಪಾದವು. ಮುದುಕಿ ಅಕ್ಕಿ ಹೊತ್ತು ಮನೆ ಮುಟ್ಟುವ ಮೊದಲೇ ಮಾರುತಿಯ ಅಂಗಿಯ ಜೇಬು ಕಿಣಿ ಎನ್ನುತ್ತಿತ್ತು. ಅವ್ವ ತಗೊಂಡ್ಲು ಎನ್ನುತ್ತಿದ್ದ, ಫೋನು ನೋಡಿ, ಸಮಾಧಾನದಿಂದ.

ಈಗ ಅದೇ ಜೇಬು.

"ಅದನ್ನ ವಾಪಸ್ ತಗಿಯಾಕ ಬರ್ತೈತೇನ್ರಿ?" ಎಂದಳು.

"ಹೋದ ಮೆಸೇಜ್ ಎಲ್ಲಿ ತಗೀತಿ? ಕದ್ದಿಲ್ಲ, ಬಿಟ್ಟಿಲ್ಲ, ನಿಂದ ಅಕ್ಕಿ ನೀ ತಗೊಂಡಿ. ಹೆದರಿಕಿ ಯಾಕಮ್ಮ? ಸರಿ, ಮುಂದ ಬರ್ರಿ."

ಅಕ್ಕಿಯ ಚೀಲ ಕಂಕುಳಲ್ಲಿಟ್ಟುಕೊಂಡು ಓಣಿಯುದ್ದಕ್ಕೂ ಅವಳು ಲೆಕ್ಕ ಹಾಕಿದಳು. ಈಗ ಒಂಬತ್ತೂವರೆ. ಮಡಕಶಿರದಿಂದ ಪಾವಗಡ, ಪಾವಗಡದಿಂದ ಕಲ್ಯಾಣದುರ್ಗ, ಅಲ್ಲಿಂದ ಇಲ್ಲಿಗೆ. ಐದು ತಾಸು. ಗಾಡಿಯಲ್ಲಿ ಬಂದರೆ ಇನ್ನೂ ಬೇಗ. ಓಡಿಹೋಗಬೇಕೆಂದರೆ ವಾರದ ಕೂಲಿ ಇನ್ನೂ ಕೈಗೆ ಬಂದಿಲ್ಲ; ಹೋದರೂ ಬಸ್‌ಸ್ಟ್ಯಾಂಡಿಗೇ ಹೋಗಬೇಕು, ಅವನು ಇಳಿಯುವುದೂ ಅಲ್ಲೇ. ಚೀಲವನ್ನು ಖೋಲಿಯಲ್ಲಿಟ್ಟು ಶೆಡ್ಡಿಗೆ ಹೋಗಿ ಕೂತಳು. ಒಂದೇ ಜೇಬನ್ನು ಎರಡು ಸಲ ತಿರುಗುಮುರುಗು ಹೊಲಿದಳು. ಬಾಗಿಲಲ್ಲಿ ನೆರಳಾಡಿದರೆ ಕಾಲು ತಾನಾಗಿ ಪೆಡಲು ಬಿಡುತ್ತಿತ್ತು. ಮಧ್ಯಾಹ್ನಕ್ಕೆ ಎದ್ದು ಖೋಲಿಗೆ ಬಂದಳು.

ಚಿಲಕ ಹಾಕಿದ ಮೇಲೆ ಅವಳಿಗೆ ಹೊಳೆಯಿತು. ಒಳಗಿನ ಚಿಲಕ ಹಾಕಿದ್ದರೆ ಒಳಗೆ ಯಾರೋ ಇದ್ದಾರೆಂದೇ ಅರ್ಥ. ತಳ್ಳಿ ನೋಡಿದವನಿಗೆ ಅಷ್ಟು ಸಾಕು. ಏಳು ತಿಂಗಳು ಕಾದ ಚಿಲಕ ಇವತ್ತು ಅವಳನ್ನು ತೋರಿಸಿಕೊಡುತ್ತದೆ. ಬೇಕಾದದ್ದು ಹೊರಗಿನ ಬೀಗ. ಅದನ್ನು ಹಾಕಲು ಇನ್ನೊಬ್ಬರ ಕೈ ಬೇಕು. ಅದೂ ಓಣಿಯ ಸುದ್ದಿಯನ್ನೆಲ್ಲ ಕೆದಕುವ ಕೊಟ್ರಮ್ಮನ ಕೈ.

ಕೊಟ್ರಮ್ಮ ಜಗಲಿಯಲ್ಲಿ ಕೂತು ಸಿದ್ಧವಾದ ಪ್ಯಾಂಟುಗಳ ನೂಲು ಕತ್ತರಿಸುತ್ತಿದ್ದಳು. ಶಿವಲಕ್ಷ್ಮಿ ನಿಂತೇ ಹೇಳಿದಳು. ಲಾರಿ ಸುಳ್ಳು. ಗಂಡನನ್ನು ಬಿಟ್ಟು ಬಂದಿದ್ದೇನೆ. ಈಗ ಅವನು ಬರುತ್ತಾನೆ.

"ಹೊಡೀತಿದ್ನೇನು?"

"ಇಲ್ರಿ."

"ಮತ್ತ?"

"ಬಚ್ಚಲ ಚಿಲಕ ಕಿತ್ತಾಕಿದ್ದ," ಎಂದಳು. ಊರಿನ ಮಾತೇ ಬಂದುಬಿಟ್ಟಿತು. "ನಾನು ಒಳಗಿದ್ರೂ ಬಾಗ್ಲು ತಗ್ದು ನಿಂತ್ಕಣ್ತಿದ್ದ ಕಣಮ್ಮ. ಸುಮ್ನೆ. ನೋಡ್ಕಂಡು."

ಕೊಟ್ರಮ್ಮನ ಕತ್ತರಿ ನಿಂತಿತು. "ಸುಳ್ಳು ನನ್ ಬಾಯಾಗ ನಿಲ್ಲಂಗಿಲ್ಲ. ಇಡೀ ಓಣಿಗೆ ಗೊತ್ತೈತಿ."

"ಸುಳ್ಳು ಹೇಳಬ್ಯಾಡ್ರಿ. ಬರೇ ಬೀಗ ಹಾಕ್ರಿ."

ಹೊರಗೆ ಬೀಗ ಕಿಟಿಕ್ಕೆಂದಿತು. ಕೀಲಿ ಈಗ ಆ ಹೆಂಗಸಿನ ಸೊಂಟದಲ್ಲಿತ್ತು. ತೆಗೆದು ತೋರಿಸಿದರೆ ಮುಗಿಯಿತು. ಬಾಗಿಲ ಎರಡು ಹಲಗೆಯ ನಡುವೆ ಬೆರಳಿನಷ್ಟು ಬಿರುಕಿತ್ತು. ಅದರಿಂದ ಬಂದ ಬಿಸಿಲಿನ ಗೆರೆ ನೆಲದ ಮೇಲೆ ಬಿದ್ದಿತ್ತು. ಅವಳು ಬಾಗಿಲ ಪಕ್ಕದ ಗೋಡೆಗೆ ಬೆನ್ನು ಅಂಟಿಸಿ ನಿಂತಳು.

ಮೂರಕ್ಕೆ ದನಿ ಕೇಳಿತು. ಮೊದಲು ಸಣ್ಣಬಸಪ್ಪನದು. "ಇದಾ ಮನಿ ನೋಡ್ರಿ. ಕೊಟ್ರಮ್ಮ, ಇವರು ಆ ಹುಡುಗಿ ಮನಿಯವರು. ಮೆಸೇಜ್ ನೋಡಿ ಅಲ್ಲಿಂದ ಬಂದಾರ, ಪಾಪ."

ಆಮೇಲೆ ಮಾರುತಿ. ಮೆತ್ತಗಿನ, ಒಳ್ಳೆಯ ದನಿ. "ಏಳು ತಿಂಗ್ಳು ಹುಡುಕ್ದೆ ಕಣಮ್ಮ. ಒಳ್ಳೇವ್ಳೆಯ. ತಲೆ ಸ್ವಲ್ಪ ಸರಿಯಿಲ್ಲ. ಎಲ್ಲವ್ಳೆ?"

"ಖೋಲಿಗೆ ಬೀಗ ಐತಲ್ರಿ," ಎಂದಳು ಕೊಟ್ರಮ್ಮ. ದನಿ ಅಳ್ಳಾಡುತ್ತಿತ್ತು. ಶಿವಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು.

"ಇವ್ಳೇ ಅಲ್ವಾ ನೋಡಿ," ಎಂದ. ಫೋನು ತೋರಿಸುತ್ತಿದ್ದನೇನೋ. ಅಕ್ಕಪಕ್ಕದವರ ಹೆಜ್ಜೆಗಳು ಸೇರಿದವು, ಗಂಡಸರದೂ. "ಗುರ್ತು ಬೇಕಾದ್ರೆ ಹೇಳ್ತೀನಿ. ಎಡಗಡೆ ತೊಡೆ ಮೇಲೆ ಸುಟ್ಟ ಕಲೆ ಐತೆ, ಇಷ್ಟಗಲ. ಎರಡ್ನೇ ವರ್ಷ ಹೊಟ್ಟೇಲಿದ್ದಿದ್ದು ಮೂರು ತಿಂಗ್ಳಿಗೇ ಹೋಯ್ತು, ಅವತ್ತಿಂದ ಹಿಂಗೆ. ತಿಂಗ್ಳ ದಿನ ಬಂದಾಗಂತೂ ಮಾತೇ ಆಡಲ್ಲ. ಈ ತಿಂಗ್ಳದ್ದು ನಾಡಿದ್ದಿಗೆ ಬರುತ್ತೆ. ಅಷ್ಟ್ರೊಳಗೆ ಕರ್ಕಂಡೋಗಾನ ಅಂತ."

ಒಳಗೆ ಅವಳಿಗೆ, ಓಣಿಯ ನಡುವೆ ತನ್ನ ಸೀರೆಯನ್ನು ಯಾರೋ ಸಾವಕಾಶವಾಗಿ ಬಿಚ್ಚುತ್ತಿರುವ ಹಾಗಾಯಿತು. ಏಳು ತಿಂಗಳ ಮೇಲೂ ಅವನು ದಿನ ಎಣಿಸುತ್ತಲೇ ಇದ್ದ.

ಬಿಸಿಲಿನ ಗೆರೆ ಆರಿತು. ಬಿರುಕಿಗೆ ಕಣ್ಣಿಟ್ಟಿದ್ದ. ಅವನ ಉಸಿರು ಹಲಗೆಯ ಆಚೆ, ಅವಳ ಕಿವಿಯಿಂದ ಗೇಣು ದೂರ. ಅವಳು ಉಸಿರು ಹಿಡಿದಳು.

"ಅಕ್ಕಿ ಚೀಲ ಒಳಗೇ ಐತೆ," ಎಂದ ಮಾರುತಿ. "ಬಂದವ್ಳೆ ಅಂದಂಗಾಯ್ತು. ಕೀಲಿ ಕೊಡಮ್ಮ, ಒಂದ್ಸಲ ನೋಡ್ತೀನಿ. ತಪ್ಪಿಲ್ದಿದ್ರೆ ತೋರ್ಸಕ್ಕೇನು?"

"ಕೀಲಿ ಬಾಡಗಿಯವರ ಹತ್ರ ಇರ್ತೈತ್ರಿ." ಕೊಟ್ರಮ್ಮನ ದನಿ ಈಗ ಅಳ್ಳಾಡುತ್ತಿರಲಿಲ್ಲ. "ತಪ್ಪಿಲ್ಲ ಅಂದ್ರ ತೋರಸಬೇಕೇನ್ರಿ? ಮೂವತ್ತು ವರ್ಷ ಬಾಳೇವು ಮಾಡೀನಿ, ನನ್ನ ವಯಸ್ಸು ನನ್ನ ಗಂಡಗ ಇನ್ನೂ ಸರಿಯಾಗಿ ಹೇಳಿಲ್ಲ. ಕಳ್ಳಿ ಏನು ನಾ? ನಿಮ್ಮವ್ವನ ಟ್ರಂಕು ನಾ ಬಂದು ತಗಸಿದ್ರ ಸುಮ್ಕಿರ್ತೀರೇನು? ಸಣ್ಣಬಸಪ್ಪ, ನೀ ಅಕ್ಕಿ ತೂಗು, ಸಾಕು. ಮಂದಿ ಹೆಸರು ಓಣಿಗೆ ಓದಬ್ಯಾಡ."

"ನಾ ಏನ್ ಮಾಡೀನಬೇ," ಎನ್ನುತ್ತಾ ಸಣ್ಣಬಸಪ್ಪನ ಚಪ್ಪಲಿ ದೂರವಾಯಿತು.

ಮಾರುತಿ ಹೋಗಲಿಲ್ಲ. ಜಗಲಿಯಲ್ಲಿ ಕೂತ. ಒಂದು ತಾಸು. ಒಂದೂವರೆ ತಾಸು. ಶಿವಲಕ್ಷ್ಮಿಯ ಕಾಲು ಮರಗಟ್ಟಿತು, ಗಂಟಲಿನಲ್ಲಿ ಕೆಮ್ಮು ಎದ್ದು ಸೆರಗು ಬಾಯಿಗೆ ತುರುಕಿಕೊಂಡಳು. ಕೊನೆಗೆ ಅವನ ಫೋನು ಹೊಡೆದುಕೊಂಡಿತು. ಊರಿಂದ, ಅತ್ತೆ ಇರಬೇಕು. ರೇಷ್ಮೆ ಹುಳ ಹಣ್ಣಾಗುತ್ತಿವೆ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡಬೇಕು, ಆಳು ಸಾಲದು ಎಂಬುದು ಅವನ ಮಾತಿನಿಂದ ತಿಳಿಯಿತು. "ಬತ್ತೀನಿ ತಡಿಯವ್ವ," ಎಂದ. ಎದ್ದು ನಿಂತ ಸದ್ದು.

"ನನ್ ನಂಬರು ಎಲ್ಲರ್ಗೂ ಕೊಟ್ಟಿವ್ನಿ," ಎಂದ, ಕೊಟ್ರಮ್ಮನಿಗೋ ಬಾಗಿಲಿಗೋ. "ಮುಂದಿನ ತಿಂಗ್ಳು ಒಂದ್ನೇ ತಾರೀಖಿಗೆ ಬಂದು ಸ್ಟೋರ್ ಮುಂದೆ ಕೂತ್ಕಂತೀನಿ. ಅವಸ್ರ ಇಲ್ಲ."

ಬೀಗ ತೆಗೆದಾಗ ಕೊಟ್ರಮ್ಮ ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು ಕೀಲಿ ಚಾಚಿದಳು. ಶಿವಲಕ್ಷ್ಮಿ ತಲೆ ಎತ್ತಲಿಲ್ಲ. ತೊಡೆಯ ಕಲೆ, ನಿಲ್ಲದೆ ಹೋದ ಕೂಸು, ನಾಡಿದ್ದಿನ ದಿನ, ಎಲ್ಲ ಈ ಹೆಂಗಸಿಗೆ ಗೊತ್ತು. ಓಣಿಗೂ ಗೊತ್ತು. ಏನಾದರೂ ಕೇಳುತ್ತಾಳೆಂದು ಕಾದಳು. ಕೊಟ್ರಮ್ಮ ಸೊಂಟದ ಚೀಲದಿಂದ ಇನ್ನೊಂದು ಕೀಲಿ ತೆಗೆದು ಅದನ್ನೂ ಅವಳ ಅಂಗೈಯಲ್ಲಿಟ್ಟಳು.

"ಇದು ಎರಡನೇದು. ನನ್ ಹತ್ರ ಇಟ್ಕೊಂಡಿದ್ದೆ, ನಿನಗ ಹೇಳಿರಲಿಲ್ಲ." ಬೇರೆ ಕಡೆ ನೋಡುತ್ತಾ ಹೇಳಿದಳು. "ನೀ ಕೆಲಸಕ್ಕ ಹೋದಾಗ ಒಂದೆರಡು ಸಲ ತಗದು ನೋಡೀನವ್ವ. ಯಾರಾಕಿ, ಏನಾಕಿ ಅಂತ. ಇನ್ನ ನಿನ್ ಹತ್ರಾನ ಇರಲಿ."

ಹೋಗಿಬಿಟ್ಟಳು.

ಶಿವಲಕ್ಷ್ಮಿ ಎರಡು ಕೀಲಿಗಳನ್ನೂ ಹಿಡಿದು ನಿಂತಿದ್ದಳು. ಖೋಲಿಯೊಳಗಿನ ಪಾತ್ರೆ, ಹಗ್ಗದ ಮೇಲಿನ ಬಟ್ಟೆ, ಮಡಚಿಟ್ಟ ಹಾಸಿಗೆ, ಒಂದೊಂದನ್ನೂ ಹೊಸದಾಗಿ ನೋಡಿದಳು. ಏಳು ತಿಂಗಳು ಇಲ್ಲಿ ಒಬ್ಬಳೇ ಇದ್ದೆನೆಂದುಕೊಂಡಿದ್ದಳು. ಒಂದನೇ ತಾರೀಖಿಗೆ ಇನ್ನೂ ಇಪ್ಪತ್ತೇಳು ದಿನ. ಅಷ್ಟರೊಳಗೆ ಹೆಬ್ಬೆರಳು ಕೇಳದ ಊರೊಂದನ್ನು ಹುಡುಕಬೇಕು. ಅಂಥ ಊರು ಇದೆಯೋ ಇಲ್ಲವೋ ಯಾರನ್ನು ಕೇಳುವುದು? ಕೇಳಿದರೆ ಅದೂ ಒಬ್ಬರಿಗೆ ಗೊತ್ತಾದಂತೆ.

ಚಿಲಕ ಹಾಕಿದಳು. ಮೂಲೆಯ ಜೀನ್ಸಿನ ಚೂರುಗಳಲ್ಲಿ ಉದ್ದನೆಯದೊಂದನ್ನು ಆರಿಸಿ, ಬಾಗಿಲ ಬಿರುಕಿಗೆ ಮೇಲಿನಿಂದ ಕೆಳಗಿನ ತನಕ ಹೆಬ್ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು. ನೆಲದ ಮೇಲಿನ ಗೆರೆ ತುಂಡುತುಂಡಾಗಿ ಕಿರಿದಾಗುತ್ತಾ ಹೋಯಿತು. ಕೊನೆಯ ಬೆಳಕು ಅಕ್ಕಿಯ ಚೀಲದ ಮೇಲಿತ್ತು. ಅದೂ ಹೋದ ಮೇಲೆ ಅವಳು ಗೋಡೆಗೊರಗಿ ಕೂತು, ಹೊರಗಿನ ಹೆಜ್ಜೆಗಳಿಗೆ ಕಿವಿ ಕೊಟ್ಟಳು.