ಹೊಸೆದ ಹಗ್ಗವಲ್ಲ, ಸೀಟ್ ಬೆಲ್ಟು

ದುಬಲಗುಂಡಿಯಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವ ಎತ್ತಿನ ಬಂಡಿಗಳು ಈಗ ಕಡಿಮೆ. ಒಂದು ಕಾಲಕ್ಕೆ ನಸುಕಿನಲ್ಲೇ ಓಣಿಯ ತುಂಬ ಗೆಜ್ಜೆ ಸದ್ದು. ಅಂಬಲಿಯ ಬಿಂದಿಗೆ ಉರುಳದಂತೆ ಅದರ ಕೊರಳಿಗೆ ಹಗ್ಗ ಸುತ್ತಿ ಬಂಡಿಯ ಗೂಟಕ್ಕೆ ಕಟ್ಟುತ್ತಿದ್ದರು. ಆ ಕೆಲಸದಲ್ಲಿ ತುಳಜಾರಾಮರದು ಪಳಗಿದ ಕೈ.

ಈ ವರ್ಷ ಬಿಂದಿಗೆ ಮಗ ಸೂರ್ಯಕಾಂತನ ಕಾರಿನಲ್ಲಿ ಹೋಯಿತು. ತುಳಜಾರಾಮರು ಅದನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಹಳೆಯ ರೂಢಿಯಂತೆ ಸೀಟ್ ಬೆಲ್ಟನ್ನೇ ಅದರ ಕೊರಳಿಗೆ ಸುತ್ತಿ ಜಗ್ಗಿ ಬಿಗಿದರು. ಅಂಬಲಿ ಒಂದು ಹನಿಯೂ ಚೆಲ್ಲಲಿಲ್ಲ. ಆದರೆ ಬೆಲ್ಟು ತಿರುಚಿಕೊಂಡು ಹಗ್ಗದಂತಾಯಿತು. ಯಾರೂ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಕೆಲವು ದಿನಗಳ ನಂತರ ಮಗಳು ಕಾಜಲಳನ್ನು ತಪಾಸಣೆಗೆಂದು ಬಸವಕಲ್ಯಾಣಕ್ಕೆ ಕರೆದೊಯ್ಯಬೇಕಿತ್ತು. ಅವಳಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದೆ ಕುಳಿತರೆ ವಾಂತಿ ಬರುತ್ತದೆಂದು ಮುಂದೆ ಕುಳಿತಳು, ತಾಯಿ ಹಿಂದೆ ಕುಳಿತರು.

"ಅಣ್ಣಾ, ಈ ಬೆಲ್ಟ್ ತಿರುವಿಕೊಂಡು ಹೊಟ್ಟಿಗಿ ಒತ್ತಾಕತ್ತದ. ನಾ ಹಾಕೊಳ್ಳಂಗಿಲ್ಲ."

"ಬ್ಯಾಡ ಬಿಡು," ಅಂದ ಸೂರ್ಯಕಾಂತ. "ಬೆನ್ನ ಹಿಂದ ಸಿಗಿಸಿಬಿಡು. ಟುಯ್ ಟುಯ್ ಅನ್ನೂದು ಬಂದ್ ಆಗ್ತದ."

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಸುಮೇಧಾ ಬಂದಳು. ಕಾಜಲ ದವಾಖಾನೆಗೆ ಹೊರಟಳೋ ಇಲ್ಲವೋ ಎಂದು ನೋಡಲು ಬಂದಿದ್ದಳು.

"ಏ ತಮ್ಮಾ, ಯಾರಿಗಿ ಮೋಸ ಮಾಡಾಕತ್ತಿ? ಕಾರಿಗೇನು?" ಎಂದು ಕಿಟಕಿಯಲ್ಲಿ ಬಗ್ಗಿದಳು. "ಹೈವೇದಾಗ ಕಬ್ಬಿನ ಟ್ರ್ಯಾಕ್ಟರ್ ಹೇಳಿ ಕೇಳಿ ಅಡ್ಡ ಬರ್ತಾವೇನು? ಬ್ರೇಕ್ ಹೊಡದ್ರ ತಂಗಿ ಹೋಗಿ ಮುಂದ ಬಡೀತಾಳ. ಹೊಟ್ಟ್ಯಾಗ ಕೂಸದ."

ಕಟ್ಟೆಯ ಮೇಲಿದ್ದ ತುಳಜಾರಾಮರು ನಕ್ಕರು. "ಹಂಗಾದ್ರ ತಿರುವಿದ್ದೇ ಹಾಕೋಲಿ ಯವ್ವಾ. ನಾ ಪುಂಡಿ ನಾರು ಹೊಸದಾಂವ. ಹೊಸದಷ್ಟೂ ಗಟ್ಟಿ ಆಗ್ತದ. ಇದೂ ಹಂಗ."

ಅವರು ಹಗ್ಗ ಹೊಸೆಯುವಾಗ ಪುಟ್ಟ ಕಾಜಲ ಇನ್ನೊಂದು ತುದಿ ಹಿಡಿದು ಅಂಗಳದಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದಳು. ನಡುವೆ ಕೈ ಬಿಟ್ಟು ಓಡಿದರೆ ಹಗ್ಗ ಹಾವಿನಂತೆ ಸುತ್ತಿಕೊಳ್ಳುತ್ತಿತ್ತು. ಅಪ್ಪ ಬೈಯುತ್ತಿದ್ದರು, ಮಗಳು ನಗುತ್ತಿದ್ದಳು. ಈಗ ಪುಂಡಿ ನಾರೂ ಇಲ್ಲ, ಎತ್ತುಗಳೂ ಇಲ್ಲ.

"ಹಗ್ಗ ಗಟ್ಟಿ ಖರೇ ಕಾಕಾ," ಅಂದಳು ಸುಮೇಧಾ. "ಬೆಲ್ಟ್ ಹರಿಯೂದರ ಮಾತಲ್ಲ ಇದು. ಅಗಲ ಇದ್ರ ಭಾರ ಎದಿಗಿ, ಟೊಂಕಕ್ಕ ಹಂಚ್ತದ. ತಿರುವಿದ್ರ ಎಲ್ಲಾ ಭಾರ ಒಂದೇ ಗೆರಿ ಮ್ಯಾಲ ಬಂದು ಕೊಯ್ತದ. ನಿಮ್ಮ ಎತ್ತಿನ ಕೊರಳಪಟ್ಟಿ ತಿರುವಿದ್ರ ಹಂಗೇ ಬಂಡಿ ಹೊಡೀತಿದ್ರೇನು?"

ತುಳಜಾರಾಮರ ಹೆಂಡತಿ ಸುಮನಬಾಯಿ ಹಿಂದಿನ ಸೀಟಿನಿಂದಲೇ ಬಾಯಿ ಹಾಕಿದರು. "ಇವರಾ? ಎತ್ತಿನ ಕೊರಳು ಹುಣ್ಣಾಗ್ತದಂತ ನನ್ನ ಬಂಡಿಂದ ಇಳಿಸಿ ಮೊದಲ ಪಟ್ಟಿ ಸೀದಾ ಮಾಡ್ತಿದ್ರು. ನಾ ಬಿಸಿಲಾಗ ನಿಂದರಬೇಕಿತ್ತು!"

ತುಳಜಾರಾಮರು ಮಗಳ ಹೊಟ್ಟೆಯನ್ನೂ ಆ ಬೆಲ್ಟನ್ನೂ ನೋಡಿದರು. ಆಮೇಲೆ ಕಟ್ಟೆಯಿಂದ ಇಳಿದು ಬಂದರು.

"ಹುಮನಾಬಾದ ಗ್ಯಾರೇಜಿಗಿ ಒಯ್ಯಬೇಕೇನು?"

"ಯಾಕ ಕಾಕಾ? ಕೈ ಸಾಕು. ನಮ್ಮ ಮನ್ಯಾಂವ ಬಾಡಿಗಿ ಕಾರ್ ಹೊಡೀತಾನ. ಅವನೇ ಕಲಿಸ್ಯಾನ."

ಕಾಜಲಳನ್ನು ಕೆಳಗಿಳಿಸಿದರು. ಗಾಡಿ ಬಂದ್ ಮಾಡಿ, ಬೆಲ್ಟನ್ನು ಮೆಲ್ಲಗೆ ಪೂರ್ತಿ ಹೊರಗೆ ಎಳೆದರು. ವಾಪಸು ಓಡದಂತೆ ಸೂರ್ಯಕಾಂತ ಹಿಡಿದುಕೊಂಡ. ಮೇಲಿನಿಂದ ಬೆಲ್ಟಿನ ಮೇಲೆ ಅಂಗೈ ಆಡಿಸುತ್ತ ಬಂದರೆ ತಿರುವು ಸಿಕ್ಕಿತು. ಬಕಲ್‌ಗೆ ಸಿಗಿಸುವ ತಗಡಿನ ನಾಲಿಗೆ ಇದೆಯಲ್ಲ, ಅಲ್ಲೇ ಅದು ಸಿಕ್ಕಿಕೊಂಡಿತ್ತು.

"ನಾಲಿಗಿ ಸ್ವಲ್ಪ ಮ್ಯಾಲ ಸರಸ್ರಿ," ಅಂದಳು ಸುಮೇಧಾ. " ಅದರ ಕೆಳಗ ಬೆಲ್ಟ್ ಸಪಾಟ ಮಾಡಿ, ಓರೆ ಮಡಚ್ರಿ, ಮೂಲಿ ಬರೂಹಂಗ. ಆ ಮಡಿಕಿ ನಾಲಿಗಿ ತೂತಿನಾಗ ತೂರ್ಸಿ, ನಾಲಿಗಿ ಕೆಳಗ ಜಾರಸ್ರಿ."

ಬೆಲ್ಟು ದಪ್ಪ. ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ತೂರಿಸಿದರು. ಬಿಡಿಸಿ ನೋಡಿದರೆ ತಿರುವು ಇನ್ನೂ ಹೆಚ್ಚಾಗಿತ್ತು!

"ಹೊಸೀರಿ, ಹೊಸೀರಿ," ಅಂದರು ಸುಮನಬಾಯಿ. "ಎತ್ತು ಕಟ್ಟಾಕ ಆಗ್ತದ."

"ಏನಾಗಿಲ್ಲ ಕಾಕು, ಉಲ್ಟಾ ಮಡಚ್ಯಾರ," ಅಂದಳು ಸುಮೇಧಾ. "ಅದನ್ನ ಬಿಚ್ಚಿ, ಈ ಕಡಿಂದ ಮಡಚ್ರಿ."

ಮತ್ತೆ ಮಡಚಿದರು. ನಾಲಿಗೆ ಮಡಿಕೆ ದಾಟಿ ಜಾರಿತು. ಉಳಿದ ತಿರುವಿಗೂ ಹಾಗೆಯೇ ಮಾಡಿದರು. ಬೆಲ್ಟು ಮೇಲಿನಿಂದ ಕೆಳಗಿನವರೆಗೆ ಸಪಾಟಾಗಿ ಬಿದ್ದಿತು. ತುಳಜಾರಾಮರು ಅದನ್ನು ಒಳಗೆ ಬಿಟ್ಟು, ಗಕ್ಕನೆ ಜಗ್ಗಿದರು. ಕಚ್ಚಿ ನಿಂತಿತು.

ಕಾಜಲ ಕುಳಿತಳು. ಸುಮೇಧಾ ಬೆಲ್ಟಿನ ಕೆಳಪಟ್ಟಿಯನ್ನು ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ, ತೊಡೆಯ ಬುಡಕ್ಕೆ ಕೂರಿಸಿದಳು. ಮೇಲಿನ ಪಟ್ಟಿಯನ್ನು ಎದೆಯ ನಡುವಿನಿಂದ ಹೊಟ್ಟೆಯ ಪಕ್ಕಕ್ಕೆ ತಂದಳು.

"ಈಗ ಒತ್ತವಲ್ದು ಅಪ್ಪಾ," ಅಂದಳು ಕಾಜಲ.

ಸೂರ್ಯಕಾಂತ ತನ್ನ ಬೆಲ್ಟೂ ಹಾಕಿಕೊಂಡು ಗಾಡಿ ಚಾಲೂ ಮಾಡಿದ. ತುಳಜಾರಾಮರು ಬಾನೆಟ್ಟಿನ ಮೇಲೆ ಬಡಿದರು. "ತಡಿ! ಹಿಂದ ಕುಂತಾಕಿದು?"

"ನನಗ್ಯಾಕ್ರಿ? ನಾ ಏನ್ ಬಸುರಿ ಇದ್ದೇನೇನು?" ಅಂದರು ಸುಮನಬಾಯಿ.

"ಬಸುರಿ ಇಲ್ಲ. ನನಗ ಬ್ಯಾರೇ ಹೆಂಡ್ತಿನೂ ಇಲ್ಲ. ಹಾಕೋ!"

ಸುಮನಬಾಯಿ ಸೆರಗು ಸರಿಸಿ ಬೆಲ್ಟು ಎಳೆದುಕೊಂಡರು. ಖಟ್ ಎಂದ ಮೇಲೆಯೇ ತುಳಜಾರಾಮರು ದಾರಿ ಬಿಟ್ಟರು.

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದಿದವರು ಅಥವಾ ಕೇಳಿದವರು ಇವತ್ತೇ ಒಮ್ಮೆ ನಿಮ್ಮ ಕಾರಿನ ಬಾಗಿಲು ತೆಗೆಯಿರಿ. ಪ್ರತಿ ಬೆಲ್ಟಿನ ಮೇಲೂ ಅಂಗೈ ಆಡಿಸಿ, ಹಿಂದಿನ ಸೀಟಿನದನ್ನೂ ಬಿಡಬೇಡಿ. ತಿರುಚಿದ್ದರೆ ನಿಂತ ಗಾಡಿಯಲ್ಲಿ ಸಮಾಧಾನದಿಂದ ಸರಿಮಾಡಿ. ಒಮ್ಮೆಗೇ ಬರದಿದ್ದರೆ ಬೇಸರಪಡಬೇಡಿ, ಮತ್ತೆ ಮಾಡಿ. ಆದರೆ ಬೆಲ್ಟನ್ನು ಕತ್ತರಿಸಬೇಡಿ, ಹೊಲಿಯಬೇಡಿ, ನಟ್ಟು ಬಿಚ್ಚಬೇಡಿ. ಎಳೆ ಹರಿದಿದ್ದರೆ, ಗಕ್ಕನೆ ಜಗ್ಗಿದಾಗ ಕಚ್ಚದಿದ್ದರೆ, ಗ್ಯಾರೇಜಿಗೇ ಒಯ್ಯಿರಿ. ಮನೆಯವರೆಲ್ಲ ಬೆಲ್ಟು ಹಾಕಿಕೊಂಡ ಮೇಲೆಯೇ ಗಾಡಿ ಅಂಗಳ ಬಿಡಲಿ. ಹೋದವರು ಸಂಜೆಗೆ ಮನೆಗೆ ಬರಬೇಕಲ್ಲವೇ?